ಎಂದಿಗೂ ಒಂದೇ ರುಚಿ

ರಸ್ತೆ ಬದಿ ಹೋಟೆಲ್ ಇಟ್ಟವನು ಕೋಪಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಅದು ಬಸ್ಸಿಳಿದು ತಾನೇ ಒಳಗೆ ಬರುತ್ತದೆ.

ನಾನು ಓದಿದ್ದು ಬಿ.ಎಸ್ಸಿ., ರಸಾಯನಶಾಸ್ತ್ರ. ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ರಸ್ತೆಯಲ್ಲಿ, ಜಾವಗಲ್‌ನಲ್ಲಿ, ಇಡ್ಲಿ ಹೋಟೆಲ್ ತೆರೆದೆ. ಅಡುಗೆಗೆ ಅವ್ವ, ಅಳತೆಗೆ ನಾನು. ಬೋರ್ಡಿನ ಮೇಲೆ ಬರೆಸಿದ್ದು ಒಂದೇ ಮಾತು: 'ಎಂದಿಗೂ ಒಂದೇ ರುಚಿ'. ತಿಂದವನಿಗೆ ಮತ್ತೆ ಬಂದಾಗಲೂ ಅದೇ ರುಚಿ ಸಿಕ್ಕರೆ ತಾನೇ ಹೆಸರು ಉಳಿಯುವುದು?

ನಮ್ಮ ತೋಟದಲ್ಲಿ ಒಂದೊಂದು ಮರದ ತೆಂಗಿನಕಾಯಿ ಒಂದೊಂದು ಥರ. ಹಾಗಾಗಿ ಚಟ್ನಿಗೆ ಅರಸೀಕೆರೆಯ ಒಂದೇ ಅಂಗಡಿಯಿಂದ, ಒಂದೇ ಗಾತ್ರದ ಕಾಯಿ ತರಿಸಿದೆ. ಅಪ್ಪನಿಗೆ ಅದು ಅವಮಾನ. "ತೋಟ ಇಟ್ಕೊಂಡು ಕಾಯಿ ಕೊಂಡ್ಕೋತೀಯಾ? ಒಂದು ವರ್ಷ ನೋಡ್ತೀನಿ. ಆಮೇಲೆ ಬಾಗ್ಲು ಹಾಕು" ಎಂದವನು ಹೋಟೆಲ್ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ತಕ್ಕಡಿ

ಚಟ್ನಿಗೆ ನಾನು ಉಪ್ಪು ತೂಗುವುದನ್ನು ಒಬ್ಬ ತಾತ ನೋಡಿದರು.

"ಏನ್ಲಾ, ಬಂಗಾರ ಮಾರ್ತೀಯೋ ಚಟ್ನಿ ಮಾರ್ತೀಯೋ?"

"ಅಳತೆ ತಪ್ಪಬಾರದು, ತಾತ."

ತಿಂದರು. "ಉಪ್ಪು ಕಮ್ಮಿ ಐತೆ."

ನನಗೆ ರೇಗಿತು. ಅವರೆದುರೇ ಅಷ್ಟೇ ಉಪ್ಪನ್ನು ಮತ್ತೆ ತೂಗಿ ಅಂಕಿ ತೋರಿಸಿದೆ. ತಾತ ಬಗ್ಗಿ ನೋಡಿದರು.

"ತಕ್ಕಡಿ ಸರಿಯಾಗೇ ಐತೆ. ಹಂಗಾರೆ ಇಡ್ಲೀನೂ ಅದಕ್ಕೇ ಬಡಿಸು."

ಪುಸ್ತಕ

ಗಿರಾಕಿಗಳ ಅನಿಸಿಕೆ ತಿಳಿಯಲೆಂದು ಒಂದು ನೋಟ್‌ಬುಕ್ ನೇತುಹಾಕಿದೆ. ಮೊದಲು ಒಬ್ಬರು ಬರೆದರು: 'ಚಟ್ನಿ ತೆಳು.' ಅದರ ಕೆಳಗೆ ಬೇರೆ ಕೈಬರಹ: 'ಇವರ ಮನೆಯದು ಇದಕ್ಕಿಂತ ತೆಳು. ಉಂಡು ನೋಡಿದ್ದೇನೆ.' ಅದರ ಕೆಳಗೆ ಮೊದಲನೆಯವರ ಉತ್ತರ: 'ಕರೆಯದೆ ಬಂದವರಿಗೆ ಅಷ್ಟೇ.'

ನಾಲ್ಕನೆಯ ದಿನಕ್ಕೆ ಪುಸ್ತಕ ತೆಗೆದು ಒಳಗಿಟ್ಟೆ. ಮಾರನೆಯ ದಿನ ಇಬ್ಬರೂ ಬಂದು ಪುಸ್ತಕ ಎಲ್ಲಿ ಎಂದು ಜಗಳಕ್ಕೆ ನಿಂತರು. ಇಡ್ಲಿಯನ್ನು ಇಬ್ಬರೂ ಕೇಳಲಿಲ್ಲ.

ಕಾಯಿ

ಇಲ್ಲಿ ತಿನ್ನಲು ಬರುವ ಪ್ರತಿಯೊಬ್ಬರಿಗೂ ತೋಟವಿದೆ. ನಮ್ಮ ಪಕ್ಕದ ತೋಟದವರು ಒಂದು ದಿನ ಎರಡು ಕಾಯಿ ತಂದು ಮೇಜಿನ ಮೇಲಿಟ್ಟರು.

"ನಾಳೆ ಇದ್ರಲ್ಲಿ ಅರೀರಿ. ಚಟ್ನಿ ಅಂದ್ರೇನು ಅಂತ ಊರಿಗೆ ಗೊತ್ತಾಗ್ಲಿ."

ಖಡಾಖಂಡಿತವಾಗಿ ಆಗುವುದಿಲ್ಲ ಎಂದೆ. ಅವರು ಹಿತ್ತಲ ಬಾಗಿಲಿಂದ ಅವ್ವನಿಗೆ ಕೊಟ್ಟುಹೋದರು.

"ಬಾಗ್ಲಿಗೆ ಬಂದ ಕಾಯಿ ವಾಪಸ್ ಕಳಿಸ್ತಾರೇನೋ? ಓದಿದೋನು ಬೇರೆ" ಎಂದಳು ಅವ್ವ.

ಸುದ್ದಿ ಹಬ್ಬಿತು. ವಾರದೊಳಗೆ ಹಿತ್ತಲಲ್ಲಿ ಹತ್ತು ತೋಟದ ಕಾಯಿ. ಅವ್ವ ದಿನಕ್ಕೊಬ್ಬರ ಕಾಯಿ ಅರೆಯುತ್ತಿದ್ದಳು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಜನ. "ಇವತ್ತು ಯಾರ್ದು?" ಎಂದು ಕೇಳುವುದು, ತಿನ್ನುವುದು, ಬೇರೆಯವರ ಕಾಯಿಯನ್ನು ಬೈಯುವುದು. ಸರಿಯಾಗಿ ಬೈಯಲು ಇನ್ನೊಂದು ಪ್ಲೇಟ್ ತರಿಸುವುದು.

ಬೋರ್ಡು

ಪ್ರತಿ ಭಾನುವಾರ ಬೇಲೂರಿನಿಂದ ಗಂಡ ಹೆಂಡತಿ ಕಾರಿನಲ್ಲಿ ಬರುತ್ತಾರೆ. ಗಂಡ ಒಮ್ಮೆ ಕೈ ತೊಳೆದು ಬಂದು ಹೇಳಿದರು: "ಹೋದ ವಾರ ಚಟ್ನಿ ಸಿಹಿ ಇತ್ತು, ಇವತ್ತು ಹಾಲಿನ ಥರ ಇದೆ. ಒಂದು ಸಲದ ಹಾಗೆ ಇನ್ನೊಂದು ಸಲ ಇರಲ್ಲ. ಅದಕ್ಕೇ ಇಷ್ಟು ದೂರ ಬರ್ತೀವಿ."

"ಹೊರಗಡೆ ಬೋರ್ಡ್ ಇದೆ, ಓದಿದ್ರಾ ಸಾರ್?"

"ಓದಿದ್ವಿ. ಬಂದಾಗಲೆಲ್ಲ ನಗ್ತೀವಿ. ಭಾರಿ ತಮಾಷೆ ಮನುಷ್ಯ ಕಣ್ರೀ ನೀವು."

ಕಾರು ಹೋದದ್ದೇ ತಡ, ಬೋರ್ಡಿನ ಮಾತು ಮುಚ್ಚುವಂತೆ ಬಣ್ಣ ಬಳಿಯಲು ಏಣಿ ಹತ್ತಿದೆ. ಕೆಳಗೆ ಅಪ್ಪ ನಿಂತಿದ್ದ. ಆ ವಾರಕ್ಕೆ ವರ್ಷ ತುಂಬಿತ್ತು. ಬಾಗಿಲು ಹಾಕಿಸಲು ಬಂದನೆಂದುಕೊಂಡೆ. ಅಪ್ಪ ಪಂಚೆಯ ಮಡಿಲಿನಿಂದ ಎರಡು ಕಾಯಿ ತೆಗೆದ.

"ಊರೋರದ್ದೆಲ್ಲ ಆಯ್ತಂತೆ. ನಾಳೆ ನಮ್ದು."

"ಒಂದು ವರ್ಷ ಅಂದಿದ್ದೆಯಲ್ಲಪ್ಪ?"

"ಅದಿರ್ಲಿ, ಕೆಳಗಿಳಿ. ಯಾರ ಕಾಯಿ ಅಂತ ಮೊದ್ಲೇ ಹೇಳ್ಬ್ಯಾಡ. ಪಕ್ಕದ ತೋಟದೋನು ತಿಂದು ಹೊಗಳಿದ ಮೇಲೆ ಹೇಳು."