ಅಶ್ವತ್ಥಮ್ಮನವರ ಕಣ್ಣಲ್ಲಿ ಆವಲಪ್ಪ

ಆವಲಪ್ಪನ ಪಿಚ್ಚರುಗಳ ವಿಷಯದಲ್ಲಿ ತನ್ನೆದುರು ಬಾಯಿ ತೆರೆಯುವ ಎದೆಗಾರಿಕೆ ಇಡೀ ಚಿಂತಾಮಣಿ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲವೆಂದು ಅಶ್ವತ್ಥಮ್ಮ ಆ ಬುಧವಾರ ಘೋಷಿಸಿದರು. ಘೋಷಿಸಿದ್ದು ಮಂಚದ ಮೇಲೆ ಅಂಗಾತ ಮಲಗಿಕೊಂಡು! ಬಲಗಣ್ಣಿನ ಪೊರೆ ತೆಗೆಸಿ ಆರು ದಿನವಾಗಿತ್ತು. ದಿನಕ್ಕೆ ಆರು ಸಲ ಕಣ್ಣಿಗೆ ಹನಿ ಬೀಳಬೇಕು, ಒಂದು ತಪ್ಪಿದರೂ ಜವಾಬ್ದಾರಿ ನಮ್ಮದಲ್ಲ ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು. ಸೊಸೆ ಅಮೃತ ಬೆಳಗ್ಗೆ ಆಫೀಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಹಗಲಿನ ಹನಿಗಳ ಹೊಣೆಯೆಲ್ಲ ಪಕ್ಕದ ಮನೆಯ ಶಹರ್ ಬಾನು ಅವರದು.

ಶಹರ್ ಬಾನು ಶಿಡ್ಲಘಟ್ಟದ ರೇಷ್ಮೆ ವ್ಯಾಪಾರದ ಮನೆಯಿಂದ ಈ ಬೀದಿಗೆ ಸೊಸೆಯಾಗಿ ಬಂದವರು. ಮೂವತ್ತೆಂಟು ವರ್ಷದ ನೆರೆ. ಇಬ್ಬರಿಗೂ ಈಗ ಗಂಡಂದಿರಿಲ್ಲ, ಆದ್ದರಿಂದ ಜಗಳವಾಡಲು ಒಬ್ಬರಿಗೊಬ್ಬರೇ ಗತಿ.

ಬೆಂಕಿ ಹಚ್ಚಿದ್ದು ಬಾನು ಅವರ ಮೊಮ್ಮಗಳು ಇಫ್ರಾ. ಕಾಲೇಜಿನಲ್ಲಿ ಅವಳಿಗೆ ಪ್ರಬಂಧ ಬರೆಯಲು ಕೊಟ್ಟಿದ್ದರು. ಆವಲಪ್ಪ ಎಂಬ ನಿರ್ದೇಶಕನ ಅತ್ಯುತ್ತಮ ಚಿತ್ರ ಯಾವುದು, ಅತಿ ಕೆಟ್ಟದ್ದು ಯಾವುದು?

"ಅಜ್ಜಿ, ಅವರು ಸರ್ರಿಯಲಿಸ್ಟ್ ಅಂತೆ. ಅಂದ್ರೆ ಕನಸಲ್ಲಿ ಕಂಡಂಗೆ, ತಲೆಬುಡ ಇಲ್ದಂಗೆ ತೆಗೀತಾರೆ. ನೀವು ಅವರ ಪಿಚ್ಚರ್ ನೋಡಿದ್ದೀರಾ?"

"ನೋಡಿದ್ದೀನಾ ಅಂತ ಕೇಳ್ತೀಯಲ್ಲಮ್ಮ! ಮೂರೂ ನೋಡಿದ್ದೀನಿ. ಬರಕೋ. 'ಮಾಳಿಗೆ ಮೇಲಿನ ಕೆರೆ' ಅತ್ಯುತ್ತಮ!" ಎಂದರು ಅಶ್ವತ್ಥಮ್ಮ.

ಹನಿಯ ಬಾಟಲಿ ಹಿಡಿದು ಬಗ್ಗಿದ್ದ ಶಹರ್ ಬಾನು ಅವರ ಕೈ ಗಾಳಿಯಲ್ಲೇ ನಿಂತಿತು.

"ಅರೆ ಅಕ್ಕಾ, ತೌಬಾ ತೌಬಾ! ಅದಕ್ಕಿಂತ ಕೆಟ್ಟ ಪಿಚ್ಚರ್ ದುನಿಯಾದಲ್ಲಿ ಇನ್ನೊಂದಿದೆಯಾ? ಅತ್ಯುತ್ತಮ ಅಂದ್ರೆ 'ಒಂಬತ್ತು ಬಾಗಿಲ ಕೋಳಿ' ಅಂತ ಬರಕೋ ಇಫ್ರಾ. ಆ ಹುಡುಗಿ ಒಂದೊಂದೇ ಬಾಗಿಲು ತೆಗೀತಾಳೆ, ಪ್ರತಿ ಬಾಗಿಲ ಹಿಂದೂ ಅತ್ತೇನೇ ಕೂತಿರ್ತಾಳೆ!"

"ಅದರಲ್ಲಿ ಕನಸೆಲ್ಲಿ ಬಂತೇ? ಅದು ನಮ್ಮನೇಲೂ ಹಂಗೇ ಇತ್ತು. 'ಕೆರೆ' ಅಂದ್ರೆ ಕೆರೆ. ಮಾಳಿಗೆ ಮೇಲೆ ನೀರು, ನೀರಲ್ಲಿ ಎತ್ತಿನಗಾಡಿ. ಆಮೇಲೆ ಗಂಡ ಸಾಯ್ತಾನೆ. ಸುಟ್ಟು ಬೂದಿ ಮಾಡ್ತಾರೆ. ಅದಾದ್ಮೇಲೆ ಬಾಗಿಲಲ್ಲಿ ಬಂದು ನಿಂತ್ಕೋತಾನೆ! ಕಾಲು ತೊಳೀತಾನೆ, ಮಣೆ ಮೇಲೆ ಕೂತು ಮುದ್ದೆ ಮುರೀತಾನೆ. 'ನಿನ್ನ ಕೈಯಡುಗೆಗೇ ವಾಪಸ್ಸು ಬಂದೆ ಕಣೇ' ಅಂತಾನೆ!"

ಆ ಪಿಚ್ಚರನ್ನು ಮ್ಯಾಟಿನಿಯಲ್ಲಿ ಪಕ್ಕ ಕೂತು ತೋರಿಸಿದವರು ಅವರ ಯಜಮಾನರು ಮುನಿಶಾಮಪ್ಪ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಈ ವರ್ಷಗಳಲ್ಲಿ ಸಂಜೆ ಹೊತ್ತು ಬಾಗಿಲ ಚಿಲಕ ಸದ್ದಾದಾಗಲೆಲ್ಲ ಅಶ್ವತ್ಥಮ್ಮನವರಿಗೆ ನೆನಪಾದದ್ದು ಆ ದೃಶ್ಯವೇ. ಇಷ್ಟು ವರ್ಷ ಅದನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ, ಅದನ್ನು ಸುಮ್ಮನೆ ಬಿಟ್ಟುಕೊಡುತ್ತಾರೆಯೇ?

"ಅಕ್ಕಾ, ಅವನು ವಾಪಸ್ ಬರಲ್ಲ," ಎಂದರು ಬಾನು. "ಸಾಯ್ತಾನೆ, ಪಿಚ್ಚರ್ ಮುಗೀತದೆ. ಶಿಡ್ಲಘಟ್ಟದಲ್ಲಿ ನಾನೇ ನೋಡಿದ್ದೀನಿ. ಎರಡು ಗಂಟೆ ಕೂರಿಸಿ ಕೊನೆಗೆ ಒಂದು ಹೆಣ ತೋರಿಸಿದ. ಅದಕ್ಕೇ ಕೆಟ್ಟದ್ದು!"

"ಬರ್ತಾನೆ!"

"ಬರಲ್ಲ!"

"ನಿದ್ದೆ ಮಾಡಿರ್ತೀಯ ನೀನು!"

ಕಣ್ಣು ಇನ್ನೊಬ್ಬರ ಕೈಯಲ್ಲಿರುವಾಗ ಇಂಥ ಮಾತಾಡಬಾರದು. ಬಾನು ಬಾಟಲಿಗೆ ಮುಚ್ಚಳ ತಿರುಗಿಸಿ ಮೇಜಿನ ಮೇಲೆ ಕುಕ್ಕಿದರು. "ಸರಿ ಅಕ್ಕಾ. ಆ ಆವಲಪ್ಪಾನೇ ಬಂದು ನಿಮಗೆ ಹನಿ ಹಾಕ್ಲಿ!" ಎಂದವರೇ ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟರು.

ಹೋದರೆ ಹೋಗಲಿ! ಆರು ಮಕ್ಕಳಿಗೆ ಒಬ್ಬಳೇ ಎಣ್ಣೆ ನೀರು ಎರೆದ ಕೈ ಇದು, ಒಂದು ಹನಿ ಯಾವ ಲೆಕ್ಕ? ಅಶ್ವತ್ಥಮ್ಮ ತಲೆ ಹಿಂದಕ್ಕೆ ಚೆಲ್ಲಿ ಗುರಿಯಿಟ್ಟರು. ಮೊದಲನೇ ಹನಿ ಹುಬ್ಬಿಗೆ ಬಿತ್ತು. ಎರಡನೆಯದು ಮೂಗಿನ ಹೊಳ್ಳೆಗೆ ಇಳಿದು ಹದಿನಾಲ್ಕು ಸೀನು ಬಂದವು. ಮೂರನೆಯದು ಕಿವಿಗೆ. ಕನ್ನಡಿ ನೋಡಿಕೊಂಡು ಹಾಕೋಣವೆಂದು ಎದ್ದರೆ, ಬಗ್ಗಿದಾಗ ಕನ್ನಡಿ ಕಾಣುತ್ತದೆ, ಹನಿ ಬೀಳುವುದಿಲ್ಲ. ಮಲಗಿದಾಗ ಹನಿ ಬೀಳುತ್ತದೆ, ಕನ್ನಡಿ ಕಾಣುವುದಿಲ್ಲ! ಅರ್ಧ ಬಾಟಲಿ ಮುಗಿಯಿತು. ದಿಂಬಿಗೆ, ರವಿಕೆಗೆ, ಗೋಡೆಯ ಕ್ಯಾಲೆಂಡರಿಗೂ ಔಷಧಿಯಾಯಿತು. ಕಣ್ಣೊಂದು ಮಾತ್ರ ಒಣಗಿ ಉರಿಯುತ್ತಿತ್ತು.

ಮಧ್ಯಾಹ್ನ ಇಫ್ರಾ ಬಂದು ನೋಡಿದಾಗ ಅಶ್ವತ್ಥಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ಸೋತ ಪಾಳೆಯಗಾರರಂತೆ ಮಂಚದ ತುದಿಯಲ್ಲಿ ಕೂತಿದ್ದರು. ಹುಡುಗಿ ಓಡಿಹೋಗಿ ತನ್ನಜ್ಜಿ ಬಾನು ಅವರನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

"ಇಬ್ರೂ ಕೂತ್ಕೊಳ್ಳಿ. ಪಿಚ್ಚರ್ ಫೋನಲ್ಲೇ ಸಿಕ್ಕಿದೆ. ಕೊನೇ ಭಾಗ ನೋಡಿದ್ರೆ ಸಾಕು, ಯಾರು ಸರಿ ಅಂತ ಗೊತ್ತಾಗ್ತದೆ."

ಬಾನು ಮುಖ ಗಂಟಿಕ್ಕಿಕೊಂಡೇ ಮೊದಲು ಹನಿ ಹಾಕಿದರು. ಆಮೇಲೆ ನೋಡಿದರು. ಗಂಡ ಸತ್ತ. ಚಿತೆ ಉರಿಯಿತು. ಮಾಳಿಗೆಯ ಕೆರೆಯಲ್ಲಿ ಗಾಡಿ ಮುಳುಗಿತು. 'ಶುಭಂ' ಎಂದು ಬಂತು.

"ಇರು, ಈಗ ಬರ್ತಾನೆ," ಎಂದರು ಅಶ್ವತ್ಥಮ್ಮ.

ಪರದೆ ಕಪ್ಪಾಯಿತು.

"ಅಜ್ಜಿ, ಮುಗೀತು."

"ಯಾರೋ ಕತ್ತರಿಸಿದ್ದಾರೆ ಕಣಮ್ಮ! ಗಂಗುಲಪ್ಪನಿಗೆ ಫೋನ್ ಮಾಡು. ಆಗ ನಮ್ಮೂರ ಟಾಕೀಸಲ್ಲಿ ಪಿಚ್ಚರ್ ಬಿಡ್ತಿದ್ದೋನು ಅವನೇ. ಅವನು ಹೇಳ್ತಾನೆ!"

ಗಂಗುಲಪ್ಪ ಫೋನಿನಲ್ಲೇ ಹೋ ಎಂದು ನಕ್ಕ.

"ಏಮಮ್ಮಾ, ಆ ಪಿಚ್ಚರಾ! ಶಿಡ್ಲಘಟ್ಟಕ್ಕೂ ನಮಗೂ ಸೇರಿ ಒಂದೇ ಪ್ರಿಂಟು. ಅವರು ಒಂದೊಂದು ರೀಲಿನ ಡಬ್ಬಿ ಮುಗಿಸ್ದಂಗೆ ಬಸ್ಸಿಗೆ ಹಾಕೋರು. ಅವತ್ತು ಎರಡನೇ ಡಬ್ಬಿ ತರ್ತಿದ್ದ ಬಸ್ಸು ದಾರೀಲಿ ಪಂಕ್ಚರ್ ಆಗೋಯ್ತು. ಮೂರನೇ ಡಬ್ಬಿ ಬಸ್ಸು ಮುಂದೆ ಬಂದ್ಬಿಡ್ತು. ಜನ ಶಿಳ್ಳೆ ಹೊಡೀತಿದ್ರು, ನಾನು ಬಂದಿದ್ದು ಬಿಟ್ಟೆ. ಮೊದಲು ಸತ್ತ, ಆಮೇಲೆ ಸಂಸಾರ ಮಾಡ್ದ! ಮಾರನೇ ದಿನ ಸರಿಯಾಗಿ ಬಿಟ್ಟರೆ ಜನ ಕುರ್ಚಿ ಎತ್ತಿದ್ರು ಕಣಮ್ಮ, 'ಸತ್ತೋನ್ನ ಎಬ್ಬಿಸ್ರೋ' ಅಂತ. ಆಮೇಲೆ ಪಿಚ್ಚರ್ ಎತ್ತೋವರೆಗೂ ಹಂಗೇ ಬಿಟ್ಟೆ!"

ಇಫ್ರಾ ಫೋನು ಇಟ್ಟಳು. ಅಶ್ವತ್ಥಮ್ಮ ಕನ್ನಡಕ ತೆಗೆಯಲಿಲ್ಲ. ಬಾನು ಗೆದ್ದಿದ್ದರು. ಗೆದ್ದವರು ನಗಬೇಕಿತ್ತು, ಆದರೆ ಅಕ್ಕನ ಮುಖ ನೋಡಿ ಅವರ ಕೈ ತಾನಾಗಿ ಅಕ್ಕನ ಮೊಣಕಾಲ ಮೇಲೆ ಹೋಯಿತು.

"ಇಫ್ರಾ, ಚಿತೆ ಆಯ್ತಲ್ಲ, ಈಗ ಆ ಊಟದ ಸೀನ್ ಹಾಕು ಬೇಟಾ. ನಾನೂ ಚಿಂತಾಮಣಿಯವರು ನೋಡ್ದಂಗೆ ನೋಡ್ಬೇಕು."

ಇಫ್ರಾ ಬೆರಳಿನಿಂದ ಹಿಂದಕ್ಕೆ ಜಾರಿಸಿದಳು. ಬಾಗಿಲು ತೆರೆಯಿತು. ಈಗತಾನೇ ಬೂದಿಯಾದವನು ಹೊಸ್ತಿಲಲ್ಲಿ ನಿಂತಿದ್ದ! ಬಾನು "ಯಾ ಅಲ್ಲಾ!" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವನು ಕಾಲು ತೊಳೆದ. ಮಣೆ ಮೇಲೆ ಕೂತ. ಹೆಂಡತಿ ಮುದ್ದೆ ಇಟ್ಟು ಸಾರು ಬಡಿಸಿದಳು.

"ನೋಡು, ನೋಡು," ಅಶ್ವತ್ಥಮ್ಮನವರಿಗೆ ಮತ್ತೆ ಜೀವ ಬಂದಿತ್ತು. "ಈಗ ಅಂತಾನೆ, ನಿನ್ನ ಕೈಯಡುಗೆಗೇ..."

ಅವನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ. ಮುಖ ಹಿಂಡಿದ.

"ಏನೇ ಇದು! ಸಾರಿಗೆ ಉಪ್ಪೇ ಹಾಕಿಲ್ಲ!"

ಅಷ್ಟೇ. ಇನ್ನೊಂದು ಮಾತಿಲ್ಲ. ಎದ್ದು ಕೈ ತೊಳೆದುಕೊಂಡು ಹೋದ.

ಬಾನು ಅವರ ನಗು ಬೀದಿಯ ಕೊನೆಯವರೆಗೂ ಕೇಳಿಸಿತು. "ಅಕ್ಕಾ! ಸುಡುಗಾಡಿಂದ ಎದ್ದು ಬಂದೋನು ಹೇಳೋ ಮಾತಾ ಇದು! ಇದು ಕನಸಿನ ಪಿಚ್ಚರ್ ಅಲ್ಲ ಬಿಡಿ, ನಮ್ಮ ಯಜಮಾನರು ಇಸ್ಮಾಯಿಲ್ ಸಾಹೇಬರೂ ಹಂಗೆ ಎದ್ದು ಬಂದಿದ್ರೆ ಇದನ್ನೇ ಹೇಳ್ತಿದ್ರು!"

ಇಫ್ರಾ ಪೆನ್ನು ಹಿಡಿದು ಕೇಳಿದಳು. "ಮತ್ತೆ ಅಜ್ಜಿ, ಕೈಯಡುಗೆ ಅಂತ ಏನೋ ಹೇಳಿದ್ರಲ್ಲ, ಅದು ಯಾವ ಪಿಚ್ಚರು?"

ಅಶ್ವತ್ಥಮ್ಮ ಕನ್ನಡಕ ತೆಗೆದರು. ಕಣ್ಣಿಂದ ಇಳಿದದ್ದು ಔಷಧಿಯೋ ಮತ್ತೇನೋ, ಸೆರಗಿನಲ್ಲಿ ಒರೆಸಿಕೊಂಡರು.

"ಅದನ್ನ ಬರೀಬೇಡ ಕಣಮ್ಮ," ಎಂದರು. "ಇಷ್ಟು ವರ್ಷದಿಂದ ದಿನಾ ನೆನೆಸ್ಕೊಂಡು ನೆನೆಸ್ಕೊಂಡು, ಆ ಸಾರಿಗೆ ನಾನೇ ಉಪ್ಪು ಹಾಕ್ಬಿಟ್ಟಿದ್ದೀನಿ!"