ನನ್ನ ಟೋಸ್ಟ್ ಆಧುನಿಕೋತ್ತರವಾದದ್ದು

ಹೆಂಡತಿಯ ಎದುರು ದಡ್ಡನಾಗಿರುವುದರಲ್ಲಿ ಒಂದು ಸುಖ ಉಂಟು. ಅದನ್ನು ಅನುಭವಿಸದ ಗಂಡಸರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ನನ್ನ ಹೆಂಡತಿ ಲವೀನಾ ಮಂಜೇಶ್ವರದಲ್ಲಿ ಟೀಚರ್. ನಲವತ್ತು ದಾಟಿದ ಮೇಲೆ ಶಾಲೆಗೆ ರಜೆ ಹಾಕಿ, ಮಂಗಳೂರಿಗೆ ಹೋಗಿ ಮಾಧ್ಯಮ ಅಧ್ಯಯನದಲ್ಲಿ ಎಂ.ಎ.ಗೆ ಸೇರಿದಳು. ಆರಿಸಿದ ವಿಷಯ: ಸಿನಿಮಾ, ಸಂಗೀತ ಮತ್ತು ಸಂಸ್ಕೃತಿಯಲ್ಲಿ ಆಧುನಿಕೋತ್ತರವಾದ. ಆ ಶಬ್ದ ಹೇಳಿ ಮುಗಿಸುವಷ್ಟರಲ್ಲಿ ನನಗೆ ನೀರು ಬೇಕಾಗುತ್ತದೆ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಸಿನಿಮಾ ನೆಟ್ಟಗೆ ಮುಗಿದದ್ದಿಲ್ಲ. ಹೀರೋ ಹೊಡೆಯಲು ಕೈ ಎತ್ತಿದ ಕೂಡಲೇ ಲವೀನಾ ಡಿವಿಡಿ ನಿಲ್ಲಿಸಿ, ಈ ಪೆಟ್ಟು ಯಾವ ಹಳೆಯ ಸಿನಿಮಾದಿಂದ ಬಂತು ಎಂದು ಹುಡುಕುತ್ತಾಳೆ. ಹೀರೋ ಕೈ ಎತ್ತಿದಲ್ಲೇ ಬಾಕಿ. ನನ್ನ ಗಂಜಿ ತಣ್ಣಗೆ. ಆದರೂ ಅವಳು ವಿವರಿಸುವಾಗ ನಾನು ಬಾಯಿ ಬಿಟ್ಟು ಕೇಳುತ್ತೇನೆ. ಅಲ್ಲಿಂದ ಇಲ್ಲಿಂದ ಹಳೆಯ ಚೂರುಗಳನ್ನು ತಂದು ಜೋಡಿಸುವುದು, ಜೋಡಿಸಿದ್ದನ್ನು ಮುಚ್ಚಿಡದೆ ಅದರಲ್ಲೇ ಆಟವಾಡುವುದು, ಅದೇ ಈ ವಾದದ ಗಮ್ಮತ್ತಂತೆ. ಎಂತಹ ತಲೆ ಮಾರಾಯ್ರೆ ಇವಳದ್ದು!

ಸೆಮಿನಾರು ಹತ್ತಿರ ಬಂದಾಗ ಅವಳ ಗೈಡ್ ತಕರಾರು ತೆಗೆದರು. ಉದಾಹರಣೆಗಳೆಲ್ಲ ಪರದೇಶದ್ದು, ನಿಮ್ಮೂರಿನದ್ದು ಒಂದಾದರೂ ಬೇಕು, ಇಲ್ಲದಿದ್ದರೆ ಒಪ್ಪುವುದಿಲ್ಲ ಎಂದುಬಿಟ್ಟರು. ಎಷ್ಟು ಹುಡುಕಿದರೂ ಸಿಗದೆ, ಓದು ಬಿಟ್ಟು ಶಾಲೆಗೇ ಮರಳುತ್ತೇನೆ ಎಂದಳು ಲವೀನಾ.

ಅಷ್ಟರಲ್ಲಿ ಉಪ್ಪಳದಲ್ಲಿ ಅವಳ ಅಣ್ಣನ ಮಗಳ ಮದುವೆ. ನಮ್ಮ ಕೊಂಕಣಿ ಕ್ರೈಸ್ತರ ಮದುವೆಯಲ್ಲಿ ಗ್ಲಾಸು ಎತ್ತಿ ವಧೂವರರಿಗೆ ಶುಭ ಕೋರುವ ಟೋಸ್ಟ್ ಎಂಬ ಭಾಷಣ ಉಂಟು. ಊರಿನಲ್ಲಿ ಅದರ ಗುತ್ತಿಗೆ ನನ್ನದೇ. ಶುರುವಿಗೆ ಕೊಂಕಣಿಯಲ್ಲಿ ಪಾದ್ರಿಗಳ ಪ್ರವಚನದ ಧಾಟಿ, ಕಣ್ಣೂರಿನಿಂದ ಬಂದ ವರನ ಕಡೆಯವರಿಗೆ ಮಲಯಾಳಂ ಸಿನಿಮಾದ ಡೈಲಾಗ್, ಹಿಂದೆ ಕೂತವರಿಗೆ ತುಳು ನಾಟಕದ ಜೋಕು. ಬ್ಯಾಂಡಿನವರೂ ನನಗೆ ತಕ್ಕವರೇ; ಇಗರ್ಜಿಯ ಪ್ರಾರ್ಥನೆಯ ಹಾಡಿನಲ್ಲಿ ಶುರು ಮಾಡಿ ಹಿಂದಿ ಕುಣಿತಕ್ಕೆ ಇಳಿದರು. ಲವೀನಾ ಕಣ್ಣು ಮಿಟುಕಿಸದೆ ಎಲ್ಲವನ್ನೂ ಮೊಬೈಲಿನಲ್ಲಿ ತೆಗೆಯುತ್ತಿದ್ದಳು. ಈ ವಯಸ್ಸಿನಲ್ಲಿ ಹೆಂಡತಿಗೆ ಮತ್ತೆ ನನ್ನ ಮೇಲೆ ಮನಸ್ಸಾಯಿತಲ್ಲ ಎಂದು ನಾನು ಡೈಲಾಗ್ ಸ್ವಲ್ಪ ಹೆಚ್ಚೇ ಹೊಡೆದೆ.

ಸೆಮಿನಾರಿಗೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಪರದೆಯ ಮೇಲೆ ಬಂದದ್ದು ನಾನು, ಗ್ಲಾಸಿನ ಸಮೇತ! ಲವೀನಾ ಅಲ್ಲಲ್ಲಿ ನಿಲ್ಲಿಸಿ ಈ ಮಾತು ಎಲ್ಲಿಯದು, ಈ ಕೈಬೀಸು ಯಾರದ್ದು ಎಂದು ಬಿಡಿಸಿಟ್ಟಳು. ಈಗ ಕೈ ಎತ್ತಿದಲ್ಲೇ ಬಾಕಿಯಾದವನು ನಾನು. ನಗುತ್ತಿದ್ದವರೆಲ್ಲ ಬರಬರುತ್ತಾ ಗಂಭೀರವಾಗಿ ಕೇಳತೊಡಗಿದರು. ಇದೇ ನನಗೆ ಬೇಕಾದದ್ದು ಎಂದು ಗೈಡ್ ಒಪ್ಪಿಬಿಟ್ಟರು. ಅದು ನನ್ನ ಹೆಂಡತಿ ಎಂದು ಪಕ್ಕದವರಿಗೆ ಹೆಮ್ಮೆಯಿಂದ ಹೇಳಿದೆ.

ವಾಪಸು ಬರುವ ಬಸ್ಸಿನಲ್ಲಿ ಮಾತ್ರ ಸಣ್ಣ ಬೇಸರ. "ಹಾಗಾದರೆ ನನ್ನದು ಅಂತ ಎಂತದೂ ಇಲ್ಲವಾ?" ಎಂದು ಕೇಳಿದೆ.

"ಜೋಡಿಸಿದ್ದು ನೀವೇ ಅಲ್ಲವಾ? ಹಾಗೆ ಜೋಡಿಸಲಿಕ್ಕೆ ಬೇರೆ ಯಾರಿಗೂ ಬರುವುದಿಲ್ಲ" ಎಂದಳು.

ಇಂಥವಳನ್ನು ಒಮ್ಮೆಯಾದರೂ ನನ್ನದೇ ಮಾತಿನಲ್ಲಿ ಹೊಗಳಬೇಕು ಅನ್ನಿಸಿತು. ತಲಪಾಡಿಯ ಗಡಿ ದಾಟಿದರೂ ಬಾಯಿಗೆ ಬಂದದ್ದೆಲ್ಲ ಯಾರದೋ ಮದುವೆಯಲ್ಲಿ ಹೇಳಿಯಾದದ್ದೇ. ಕೊನೆಗೆ ಮಾತಿನ ಸಹವಾಸವೇ ಬೇಡವೆಂದು ಮೆಲ್ಲಗೆ ಅವಳ ಕೈ ಹಿಡಿದು, ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಲವೀನಾ ನಕ್ಕಳು. "ಇದು ಯಾವ ಸಿನಿಮಾದ್ದು?"

ಯಾವುದೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ.