ವಿಜಯಸಾರಥಿಯ ಚಾಕೊಲೇಟ್ ಪ್ರತಿಜ್ಞೆ

"ಹಣ್ಣಿನಿಂದ ಹಿಡಿದು ಬಾಯಿಗೆ ಬೀಳೋವರೆಗೂ, ಚಾಕೊಲೇಟನ್ನ ನಾನೇ ಮಾಡಿ ತೋರಿಸ್ತೀನಿ! ಅಂಗಡಿಯಿಂದ ತಂದ ಚಾಕೊಲೇಟ್ ಒಂದು ಚೂರೂ ಸೇರಕೂಡದು!"

ಬೇಲೂರಿನ ಒಂದು ಶಾಲೆಯ ಐದನೇ ತರಗತಿಯ ಕೊಠಡಿಯಲ್ಲಿ, ಮಕ್ಕಳು ಕೂರುವ ಗಿಡ್ಡ ಬೆಂಚಿನಿಂದ ಎದ್ದು ನಿಂತು ವಿಜಯಸಾರಥಿ ಈ ಘನಘೋರ ಪ್ರತಿಜ್ಞೆ ಮಾಡಿದಾಗ ಪೋಷಕರ ಸಭೆ ತಬ್ಬಿಬ್ಬಾಯಿತು. ಪಕ್ಕದಲ್ಲಿದ್ದ ಹೆಂಡತಿ ಚೆಲುವಾಂಬ ಅವನ ಅಂಗಿಯ ತುದಿ ಹಿಡಿದು ಕೆಳಗೆಳೆದಳು. ಅವನು ಕೂರಲಿಲ್ಲ. ಕೂರುವುದಾದರೂ ಹೇಗೆ? ಮಾನ ಹೋಗಿತ್ತಲ್ಲ!

ಆದದ್ದಿಷ್ಟು. ಮೂರು ವಾರ ಕಳೆದರೆ ಬ್ಯಾಗಿಲ್ಲದ ಶನಿವಾರ. ಅಂದು ಪೋಷಕರು ಯಾರಾದರೂ ಬಂದು ಮಕ್ಕಳಿಗೆ ಕೈಕೆಲಸ ಕಲಿಸಬೇಕೆಂದು ಯಶೋಧರಾ ಮಿಸ್ ಕೇಳಿಕೊಂಡರು. ಅಲ್ಲಿಗೇ ನಿಲ್ಲಿಸಬಾರದಿತ್ತೇ? "ಈಗಿನ ಮಕ್ಕಳಿಗೆ ಯಾವುದು ಎಲ್ಲಿಂದ ಬರುತ್ತೆ ಅಂತಾನೇ ಗೊತ್ತಿಲ್ಲ. ಚಾಕೊಲೇಟ್ ಎಲ್ಲಿಂದ ಬರುತ್ತೆ ಅಂತ ಕೇಳಿದ್ರೆ ಅರ್ಧ ತರಗತಿ ಬೇಕರಿ ಅಂತು. ನಮ್ಮ ಹಿತಾ ಎದ್ದು ನಿಂತು, ಅಪ್ಪನ ಬೀರುವಿನಿಂದ ಮಿಸ್, ಪಂಚೆಗಳ ಕೆಳಗೆ ಬಚ್ಚಿಟ್ಟಿರ್ತಾರೆ ಅಂದ್ಳು" ಎಂದುಬಿಟ್ಟರು.

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹಿತಾಳ ತಾಯಿ ಚೆಲುವಾಂಬಳೇ. ನಕ್ಕು ಮುಗಿದ ಮೇಲೆ, "ಪಂಚೆ ಕೆಳಗಾ? ನಾನು ಅಕ್ಕಿ ಡಬ್ಬಿ ಹುಡುಕ್ತಿದ್ದೆ" ಎಂದು ಅವನ ಕಡೆ ನೋಡಿದಳು. ಡಾಕ್ಟರು ಸಿಹಿ ನಿಲ್ಲಿಸಿ ಎಂದು ಹೇಳಿ ಎರಡು ವರ್ಷವಾಗಿತ್ತು.

ವಿಜಯಸಾರಥಿ ಸಾಮಾನ್ಯ ಮನುಷ್ಯನೇ? ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಆಕ್ಷೇಪಣೆ ಬರೆಯದೆ ಒಂದೇ ಒಂದು ಕಡತವನ್ನೂ ಮುಂದಕ್ಕೆ ಕಳಿಸಿದವನಲ್ಲ. ಲಗತ್ತು ಇಲ್ಲ, ವಾಪಸ್ಸು. ಲಗತ್ತು ಇದೆ, ಸಹಿಯಿಲ್ಲ, ವಾಪಸ್ಸು. ಸಹಿ ಇದೆ, ದಿನಾಂಕವಿಲ್ಲ, ವಾಪಸ್ಸು! ಅಂಥವನನ್ನು ನೋಡಿ ಊರು ನಗುವುದೆಂದರೇನು?

"ಅಪ್ಪ ದೇವಸ್ಥಾನದ ಅಡುಗೆಮನೇಲಿ ಮೂವತ್ತು ವರ್ಷ ಪೊಂಗಲ್ ಮಾಡಿದವರು. ಅಡುಗೆ ನನ್ನ ರಕ್ತದಲ್ಲೇ ಇದೆ ಕಣೇ!" ಎಂದು ದಾರಿಯಲ್ಲಿ ಗುಡುಗಿದ.

"ನಿಮ್ಮ ರಕ್ತದಲ್ಲಿರೋದು ಸಕ್ಕರೆ" ಎಂದಳು ಚೆಲುವಾಂಬ.

ಕೋಕೋ ಹಣ್ಣು ಸಿಕ್ಕಿದ್ದು ಕಚೇರಿಯ ಸಹೋದ್ಯೋಗಿ ಧರ್ಮೇಶನಿಂದ. ಅವನ ಊರು ಹಗರೆ, ಅಲ್ಲಿನ ತೋಟದಲ್ಲಿ ತೆಂಗಿನ ಮರಗಳ ನಡುವೆ ಒಂದಿಷ್ಟು ಕೋಕೋ ಗಿಡ ಹಾಕಿಕೊಂಡಿದ್ದ.

"ಹಣ್ಣಿಗೇನು ಸಾರ್, ಬೇಕಾದಷ್ಟು ಐತೆ. ಆದ್ರೆ ನಾವು ಹಸಿ ಬೀಜನೇ ತೂಕಕ್ಕೆ ಹಾಕಿ ಕೈ ತೊಳ್ಕಂಬಿಡ್ತೀವಿ. ಮುಂದಿನ ಕೆಲಸ ನಮಗೂ ಗೊತ್ತಿಲ್ಲ. ಇದು ಕಾಫಿ ಇದ್ದಂಗಲ್ಲ ಸಾರ್."

"ಬೀಜ ಅಂದ್ಮೇಲೆ ಬೀಜ ಕಣಯ್ಯ! ಹುರಿಯೋದು, ಪುಡಿ ಮಾಡೋದು. ಹಾಸನ ಜಿಲ್ಲೇಲಿ ಹುಟ್ಟಿದವನಿಗೆ ಬೀಜ ಹುರಿಯೋದನ್ನ ಹೇಳಿಕೊಡ್ತೀಯಾ?"

ಧರ್ಮೇಶ್ ಹೇಳಿಕೊಡಲಿಲ್ಲ. ಮಾರನೆಯ ದಿನ ಒಂದು ಮೂಟೆ ಹಳದಿ ಹಣ್ಣನ್ನು ಬಸ್ಸಿಗೆ ಹಾಕಿಕೊಂಡು ಬಂದು ಕೊಟ್ಟ.

ಹಣ್ಣು ಒಡೆದರೆ ಒಳಗೆ ಬಿಳಿ ಲೋಳೆ ಮೆತ್ತಿಕೊಂಡ ಬೀಜಗಳು. ಅವನ್ನು ಲೋಳೆಯ ಸಮೇತ ಬಾಳೆ ಎಲೆಯಲ್ಲಿ ಮುಚ್ಚಿ ಆರು ದಿನ ಹುಳಿ ಬರಿಸಬೇಕು, ಎರಡು ದಿನಕ್ಕೊಮ್ಮೆ ಮಗುಚಬೇಕು, ಇಲ್ಲದಿದ್ದರೆ ಚಾಕೊಲೇಟಿನ ಪರಿಮಳ ಹುಟ್ಟುವುದೇ ಇಲ್ಲ ಎಂದು ಮೊಬೈಲಿನ ವೀಡಿಯೊದಲ್ಲಿ ಒಬ್ಬ ಹೇಳಿದ. ವಿಜಯಸಾರಥಿ ಅಷ್ಟು ನೋಡಿ, ಉಳಿದದ್ದು ತನಗೆ ಗೊತ್ತಿರುವುದೇ ಎಂದು ವೀಡಿಯೊ ಮುಚ್ಚಿಬಿಟ್ಟ. ಹಿತ್ತಲ ಬಚ್ಚಲಿನ ಪಕ್ಕ ಪ್ಲಾಸ್ಟಿಕ್ ಟಬ್ಬಿನಲ್ಲಿ ಬೀಜ ಕೂತಿತು. ಎರಡನೆಯ ದಿನ ಬೆಚ್ಚಗಾಯಿತು. ಮೂರನೆಯ ದಿನ ಮುಟ್ಟಿದರೆ ಸುಡುವಷ್ಟಾಯಿತು. ಜೊತೆಗೆ ಒಂದು ವಾಸನೆ ಎದ್ದಿತು ನೋಡಿ! ಆ ಬೀದಿಯಲ್ಲಿ ಹಿಂದೆಂದೂ ಯಾರೂ ಮೂಸಿರದ, ಆದರೆ ಬಸ್‌ಸ್ಟ್ಯಾಂಡಿನ ಹಿಂಭಾಗದ ಬ್ರಾಂದಿ ಅಂಗಡಿಯ ಮುಂದೆ ಎಲ್ಲರೂ ಮೂಗು ಮುಚ್ಚಿಕೊಂಡು ದಾಟುವಂಥ ವಾಸನೆ.

ಪಕ್ಕದ ಮನೆಯ ಶಾಂತಾದೇವಿ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು.

"ಚೆಲುವಾ, ಯಜಮಾನ್ರು ಕಚೇರಿಯಿಂದ ನೆಟ್ಟಗೆ ಮನೆಗೆ ಬರ್ತಿದಾರೇನಮ್ಮ?"

"ಬರ್ತಿದಾರಲ್ಲ, ಯಾಕೆ?"

"ಏನಿಲ್ಲಮ್ಮ. ನಮ್ಮನೆಯವರ ತಮ್ಮನಿಗೂ ಹೀಗೇ ಶುರುವಾಗಿದ್ದು. ಅರಸೀಕೆರೇಲಿ ಒಬ್ಬ ಡಾಕ್ಟ್ರು ಬಿಡಿಸ್ತಾರೆ. ನಂಬರ್ ಕೊಡ್ಲಾ?"

ಒಳಗಿದ್ದ ವಿಜಯಸಾರಥಿಯ ಕಿವಿಗೆ ಇದು ಬಿತ್ತು. ಏಳು ತಲೆಮಾರಿನಿಂದ ಕಾಫಿ ಬಿಟ್ಟು ಬೇರೇನನ್ನೂ ಕುಡಿಯದ ವಂಶ! ಟಬ್ಬನ್ನೇ ಎತ್ತಿಕೊಂಡು ಕಾಂಪೌಂಡಿಗೆ ಬಂದು ಎಲೆ ಸರಿಸಿದ. ಬುಸ್ಸನೆ ಬಿಸಿ ಹಬೆ ಎದ್ದಿತು.

"ಮೂಸಿ ನೋಡಿ! ಚೆನ್ನಾಗಿ ಮೂಸಿ ನೋಡಿ ಮಾತಾಡಿ! ಇದು ಬೀಜ!"

ಶಾಂತಾದೇವಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದರು. "ಅಯ್ಯೋ ರಾಮ! ಮನೇಲೇ ಕಾಯಿಸ್ತಿದೀರಾ?"

ಅಂದಿನಿಂದ ಆ ಬೀದಿಯಲ್ಲಿ ಅವನಿಗೆ ಎದುರಾದ ಹೆಂಗಸರು ಒಂದು ಮಾರು ದೂರ ಸರಿದು ನಡೆದರು. ಗಂಡಸರಲ್ಲಿ ಒಬ್ಬಿಬ್ಬರು ಹತ್ತಿರ ಬಂದು, ಯಾವಾಗ ತಯಾರಾಗುತ್ತದೆ ಎಂದು ಪಿಸುಗುಟ್ಟಿದರು. ಇದಕ್ಕಂತೂ ಅವನಿಗೆ ಇನ್ನೂ ಹೆಚ್ಚು ಸಿಟ್ಟು ಬಂತು.

ಆರು ದಿನ ಮುಗಿದು, ತಾರಸಿಯ ಮೇಲೆ ಒಂದು ವಾರ ಒಣಗಿ, ಬೀಜಗಳು ಕಂದು ಬಣ್ಣಕ್ಕೆ ತಿರುಗಿ ಗಲಗಲ ಎಂದವು. ಗುರುವಾರ ಸಂಜೆ ವಿಜಯಸಾರಥಿ ಪಂಚೆ ಎತ್ತಿ ಕಟ್ಟಿ, ದೊಡ್ಡ ಬಾಂಡ್ಲಿಯನ್ನು ಒಲೆಯ ಮೇಲಿಟ್ಟ. ಚೆಲುವಾಂಬ ಒಂದು ಬೀಜವನ್ನು ಜಜ್ಜಿ ಬೆರಳಲ್ಲಿ ತಿಕ್ಕಿ ನೋಡಿದಳು.

"ರೀ, ಇಲ್ನೋಡಿ, ಕೈಯೆಲ್ಲಾ ಜಿಡ್ಡು. ಇದು ಕಡ್ಲೆಕಾಯಿ ಬೀಜದ ಜಾತಿ ಕಣ್ರೀ, ಕಾಫಿ ಜಾತಿ ಅಲ್ಲ. ಸಣ್ಣ ಉರೀಲಿ ಹದವಾಗಿ ಹುರಿದು, ಸಿಪ್ಪೆ ಕೇರಿ, ನಮ್ಮ ದೋಸೆ ಹಿಟ್ಟಿನ ಗ್ರೈಂಡರಿಗೆ ಹಾಕೋಣ. ತಾನಾಗೇ ನುಣ್ಣಗಾಗುತ್ತೆ."

"ಆಕ್ಷೇಪಣೆ!" ಎಂದ ವಿಜಯಸಾರಥಿ ಸೌಟು ಎತ್ತಿ. "ದೋಸೆ ರುಬ್ಬೋ ಕಲ್ಲಲ್ಲಿ ಚಾಕೊಲೇಟಾ? ಕೇಳಿದವರು ನಗ್ತಾರೆ! ಬೀಜ ಕಪ್ಪಗೆ ಮಿರುಗೋವರೆಗೂ ಹುರೀಬೇಕು, ನೆಟ್ಟಗೆ ದೇವರಾಜನ ಮಿಲ್ಲಿಗೆ ಒಯ್ಯಬೇಕು. ಫಿಲ್ಟರ್ ಹದಕ್ಕೆ ಪುಡಿ ಮಾಡಿಸಬೇಕು. ಪುಡಿಗೆ ಸಕ್ಕರೆ ಹಾಕಿದ್ರೆ ಚಾಕೊಲೇಟು. ಮುಗೀತು!"

ಬಾಂಡ್ಲಿಗೆ ಹಿಡಿದದ್ದು ಅರ್ಧ ಬೀಜ ಮಾತ್ರ. ಅಡುಗೆಮನೆ ತುಂಬ ಹೊಗೆಯಾಗುವ ತನಕ ಅದನ್ನು ಹುರಿದ. ಉಳಿದರ್ಧ ಮೊರದಲ್ಲೇ ಉಳಿಯಿತು.

ಶುಕ್ರವಾರ ಬೆಳಗ್ಗೆ ಎಂಟಕ್ಕೆ ದೇವರಾಜನ ಕಾಫಿಪುಡಿ ಅಂಗಡಿಯಲ್ಲಿ ಹನ್ನೊಂದು ಜನ ಸಾಲು ನಿಂತಿದ್ದರು. ಯಾರ ಮನೆಗೆ ಎಷ್ಟು ಚಿಕೋರಿ ಎಂಬುದು ದೇವರಾಜನಿಗೆ ಬಾಯಿಪಾಠ. ಮುಖ ನೋಡಿಯೇ ಬೆರೆಸುತ್ತಿದ್ದ. ವಿಜಯಸಾರಥಿ ಕಚೇರಿಗೆ ತಡವಾಗುತ್ತದೆಂದು ಸಾಲು ದಾಟಿ ಮುಂದೆ ಹೋಗಿ ಡಬ್ಬಿ ಚಾಚಿದ.

"ಇದ್ಯಾವ ಬೀಜ ಸಾರ್? ನಮ್ ಕಡೇದಲ್ಲ ಅನ್ಸುತ್ತೆ."

"ನೀನು ಸ್ವಿಚ್ ಹಾಕಪ್ಪ. ನುಣ್ಣಗಿರ್ಲಿ."

ಮಿಷನ್ ಎಂದಿನಂತೆ ಹಾಡುತ್ತ ಶುರು ಮಾಡಿತು. ಆಮೇಲೆ ಕೆಮ್ಮಿತು. ಆಮೇಲೆ ನರಳಿತು. ಪುಡಿ ಬೀಳಬೇಕಾದ ಮೂತಿಯಿಂದ ಕರ್ರಗೆ, ದಪ್ಪಗೆ, ಏನೋ ಒಂದು ಇಳಿಯತೊಡಗಿತು. ಬಿಸಿಗೆ ಬೀಜದೊಳಗಿನ ಕೊಬ್ಬು ಕರಗಿ, ಪುಡಿಯಾಗುವ ಬದಲು ಗಸಿಯಾಗಿತ್ತು. ಟಕ್ ಎಂದು ಮಿಷನ್ ನಿಂತುಹೋಯಿತು.

"ಸಾರ್! ರಸ್ತೆಗೆ ಹಾಕೋ ಡಾಂಬರು ತಂದಿದೀರಾ?"

"ಡಾಂಬರಂತೆ! ನಿನ್ನ ಮಿಷನ್ನಿಗೆ ತಾಕತ್ತಿಲ್ಲ ಅನ್ನು!"

"ನಮ್ಮಪ್ಪನ ಕಾಲದ ಮಿಷನ್ ಸಾರ್ ಇದು! ಒಂದು ದಿನ ನಿಂತಿಲ್ಲ!" ದೇವರಾಜ್‌ಗೆ ಅಳುವೇ ಬಂದಿತ್ತು. ಸ್ಕ್ರೂಡ್ರೈವರಿನಿಂದ ಕೆರೆದಷ್ಟೂ ಅದು ಅಂಟಿಕೊಂಡಿತು. "ಇವತ್ತು ಪುಡಿ ಇಲ್ಲ, ಎಲ್ಲರೂ ನಾಳೆ ಬನ್ನಿ."

ಹನ್ನೊಂದು ಜನ ಒಟ್ಟಿಗೆ ತಿರುಗಿ ವಿಜಯಸಾರಥಿಯನ್ನು ನೋಡಿದರು. ಕಾಫಿಯಿಲ್ಲದ ಮುಖಗಳು ಎಷ್ಟು ಭಯಂಕರವಾಗಿರುತ್ತವೆ ಎಂಬುದು ಅವನಿಗೆ ಆಗಲೇ ತಿಳಿದದ್ದು. ಸಾಲಿನ ಮುಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಖಾಲಿ ಡಬ್ಬಿಯನ್ನು ಅವನ ಕೈಗೇ ಕೊಟ್ಟು, "ಬನ್ನಿ, ನಮ್ಮನೆಯವರಿಗೆ ನೀವೇ ಹೇಳುವಿರಂತೆ" ಎಂದರು. ವಿಜಯಸಾರಥಿ ಅದನ್ನು ಮೇಜಿನ ಮೇಲಿಟ್ಟು, ಕರಿಗಸಿಯ ಮುದ್ದೆಯನ್ನು ತನ್ನ ಡಬ್ಬಿಗೆ ಬಳಿದುಕೊಂಡು, ಈ ಊರಿನಲ್ಲಿ ಹೊಸದನ್ನು ಮಾಡುವವನಿಗೆ ಬೆಲೆಯೇ ಇಲ್ಲ ಎಂದು ಬೈದುಕೊಳ್ಳುತ್ತ ಬಿರಬಿರನೆ ನಡೆದ.

ಸಂಜೆ ಆ ಮುದ್ದೆಗೆ ಸಕ್ಕರೆ ಬೆರೆಸಿ ಮಗಳ ನಾಲಿಗೆಗೆ ಇಟ್ಟ. ಹಿತಾ ನಲ್ಲಿಯ ಕಡೆ ಓಡಿದಳು. ಬಾಯಿ ತೊಳೆದು ಬಂದು ಬಾಗಿಲಲ್ಲೇ ನಿಂತಳು.

"ಅಪ್ಪ, ನಾಳೆ ಮೂವತ್ತೆರಡು ಜನ ಕಾಯ್ತಿರ್ತಾರೆ. ಆಗಲ್ಲ ಬಿಡು, ನಿಮ್ಮಪ್ಪ ಸುಮ್ನೆ ಹೇಳ್ತಾರೆ ಅಂತ ಎಲ್ಲಾರೂ ಅಂದ್ರು. ನಮ್ಮಪ್ಪ ಹೇಳಿದ್ದನ್ನ ಮಾಡ್ತಾರೆ ಅಂತ ನಾನು ಜಗಳ ಆಡಿದೀನಿ."

ವಿಜಯಸಾರಥಿಯ ಎದೆಗೆ ಆ ಮಾತು ನೇರವಾಗಿ ನಾಟಿತು. ಊರು ನಕ್ಕರೆ ಊರಿನ ಮೇಲೆ ರೇಗಬಹುದು. ಹತ್ತು ವರ್ಷದ ಹುಡುಗಿ ತನಗಾಗಿ ಜಗಳವಾಡಿ ಬಂದಿದ್ದರೆ ಯಾರ ಮೇಲೆ ರೇಗುವುದು? ನಾಚಿಕೆಯಾಯಿತು. ಆದರೂ ರೂಢಿ ಬಿಡುತ್ತದೆಯೇ? ದೇವರಾಜನ ಮಿಷನ್ನಿಗೆ ಬೈದ, ಧರ್ಮೇಶನ ಗಿಡಗಳಿಗೆ ಬೈದ, ಕೊನೆಗೆ, "ನನಗೆ ಜ್ವರ ಬಂದಿದೆ. ನಾಳೆ ನಾನೆಲ್ಲೂ ಬರೋದಿಲ್ಲ!" ಎಂದು ಘೋಷಿಸಿ, ಏಳು ಗಂಟೆಗೇ ತಲೆ ತುಂಬ ಕಂಬಳಿ ಹೊದ್ದು ಮಲಗಿದ.

ಅಡುಗೆಮನೆಯಿಂದ ಗ್ರೈಂಡರಿನ ಗರಗರ ಸದ್ದು ಕೇಳಿಬಂತು. ನಿಲ್ಲಲೇ ಇಲ್ಲ. "ನೋಡಿದ್ಯಾ! ಗಂಡನ ಮಾನ ಹರಾಜಾಗ್ತಿದೆ, ಇವಳಿಗೆ ದೋಸೆ ಚಿಂತೆ!" ಎಂದು ಕಂಬಳಿಯೊಳಗೇ ಕುದಿಯುತ್ತ ನಿದ್ದೆಹೋದ.

ಬೆಳಗ್ಗೆ ಚೆಲುವಾಂಬ ಅವನ ಬಾಯಿಗೆ ಒಂದು ಚಮಚ ಹಿಡಿದಳು. ಮಾತ್ರೆಯ ನೀರೇನೋ ಎಂದು ಮುಖ ಕಿವುಚಿಕೊಂಡೇ ನೆಕ್ಕಿದ ವಿಜಯಸಾರಥಿ ಎದ್ದು ಕೂತುಬಿಟ್ಟ. ನುಣುಪು! ಪರಿಮಳ! ಹಿತವಾದ ಕಹಿ, ಹಿಂದೆಯೇ ಸಿಹಿ! ಸಾಕ್ಷಾತ್ ಚಾಕೊಲೇಟು!

"ಯಾವ ಅಂಗಡೀದು?" ಎಂದು ಗದರಿದ.

"ಮೊರದಂಗಡೀದು. ನೀವು ಬಿಟ್ಟಿದ್ದ ಅರ್ಧ ಬೀಜ. ಹದವಾಗಿ ಹುರಿದು ಗ್ರೈಂಡರಿಗೆ ಹಾಕ್ದೆ. ಸಕ್ಕರೆ ಹಾಕಿ ತಿರುಗಿಸ್ತಾನೇ ಇದ್ದೆ, ಅಷ್ಟೇ. ಇನ್ನೊಂದು ಚಮಚ ಕೇಳ್ಬೇಡಿ, ನಿಮಗಿಲ್ಲ. ಜ್ವರ ಹೇಗಿದೆ?"

ಜ್ವರ ಬಿಟ್ಟಿತ್ತು. ಹತ್ತೇ ನಿಮಿಷದಲ್ಲಿ ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ನಿಂತ.

ಶಾಲೆಯಲ್ಲಿ ಮಕ್ಕಳನ್ನು ಗುಂಪುಗುಂಪಾಗಿ ಕೂರಿಸಿ, ಆ ಚಾಕೊಲೇಟಿನಿಂದ ಕೇಕು ಮಾಡುವ ಕೆಲಸ ಹಂಚಿದವಳು ಚೆಲುವಾಂಬ. ಒಂದು ಗುಂಪು ಮೈದಾ ಜರಡಿ ಹಿಡಿಯಿತು, ಒಂದು ಗುಂಪು ಮೊಸರಿಗೆ ಸಕ್ಕರೆ ಕದಡಿತು, ಇನ್ನೊಂದು ಗುಂಪು ಚಿಟಿಕೆ ಸೋಡಾ ಹಾಕಲು ತಮ್ಮತಮ್ಮಲ್ಲೇ ತಳ್ಳಾಡಿತು. ತುಪ್ಪ, ರುಬ್ಬಿದ ಚಾಕೊಲೇಟು ಬೆರೆಸಿದ ಹಿಟ್ಟು ಡಬ್ಬಿಗೆ ಬಿತ್ತು. ತಳಕ್ಕೆ ಉಪ್ಪು ಹರಡಿದ ಕುಕ್ಕರಿನಲ್ಲಿ, ವಿಷಲ್ಲು ಗ್ಯಾಸ್ಕೆಟ್ಟು ಎರಡನ್ನೂ ತೆಗೆದು, ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯೂ ವಿಜಯಸಾರಥಿ ಭಾಷಣ ಮಾಡಿದ. ಹಣ್ಣು, ಲೋಳೆ, ಬಾಳೆ ಎಲೆ, ಬಿಸಿಲು, ಎಲ್ಲವನ್ನೂ ವರ್ಣಿಸಿದ. ಮಿಲ್ಲಿನ ವಿಷಯ ಮಾತ್ರ ಯಾಕೋ ನೆನಪಾಗಲಿಲ್ಲ.

ಮುಚ್ಚಳ ತೆಗೆದಾಗ ಕೇಕು ಉಬ್ಬಿ ನಿಂತಿತ್ತು. ಎರಡೇ ನಿಮಿಷದಲ್ಲಿ ಡಬ್ಬಿ ಖಾಲಿಯಾಯಿತು. ಹಿತಾಳ ಜೊತೆ ಜಗಳವಾಡಿದ್ದವರೇ ಅವಳ ಹತ್ತಿರ ಬಂದು ಇನ್ನೊಂದು ಚೂರು ಕೇಳಿದರು. "ಹೇಳಿದ್ದನ್ನ ಮಾಡಿ ತೋರಿಸಿಬಿಟ್ರಿ ಸಾರ್!" ಎಂದರು ಯಶೋಧರಾ ಮಿಸ್. ವಿಜಯಸಾರಥಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. "ಮನೆಯವರೂ ಸ್ವಲ್ಪ ಸಹಾಯ ಮಾಡಿದ್ರು" ಎಂದೂ ಉದಾರವಾಗಿ ಸೇರಿಸಿದ. ಚೆಲುವಾಂಬ ಕುಕ್ಕರಿನ ಉಪ್ಪು ಕೆರೆಯುತ್ತಿದ್ದಳು. ಭಾನುವಾರ ಸಂಜೆಯ ಹೊತ್ತಿಗೆ, ಎಲ್ಲವನ್ನೂ ತಾನೇ ಮಾಡಿದೆನೆಂದು ಅವನು ಪೂರ್ತಿ ನಂಬಿಬಿಟ್ಟಿದ್ದ.

ಸೋಮವಾರ ಹಿತಾ ಪ್ರಬಂಧದ ಪುಸ್ತಕ ತಂದು ಅವನ ಮುಂದಿಟ್ಟಳು. "ಚಾಕೊಲೇಟ್ ತಯಾರಿಸುವ ವಿಧಾನ" ಎಂದು ದಪ್ಪಕ್ಷರದ ತಲೆಬರಹ. ಕೆಳಗೆ ಕೆಂಪು ಶಾಯಿಯಲ್ಲಿ ಮಿಸ್ ಬರೆದಿದ್ದರು: "ಕ್ರಮಬದ್ಧವಾಗಿದೆ. ಪೋಷಕರು ಓದಿ ಸಹಿ ಮಾಡುವುದು."

ವಿಜಯಸಾರಥಿ ಕನ್ನಡಕ ಏರಿಸಿ, ಕಚೇರಿಯ ಪೆನ್ನು ತೆಗೆದು, ಗತ್ತಿನಿಂದ ಓದತೊಡಗಿದ.

"ಮೊದಲು ಅಪ್ಪ ಎಲ್ಲರ ಮುಂದೆ ಎದ್ದು ನಿಂತು ಜೋರಾಗಿ ಹೇಳಬೇಕು. ನಂತರ ಧರ್ಮೇಶ್ ಅಂಕಲ್ ಹಣ್ಣು ಕೊಡಬೇಕು. ಬೀಜವನ್ನು ಆರು ದಿನ ಕೊಳೆಸಬೇಕು. ಆಗ ಪಕ್ಕದ ಮನೆಯವರಿಗೆ ಅನುಮಾನ ಬರುತ್ತದೆ. ಬೀಜವನ್ನು ಚೆನ್ನಾಗಿ ಒಣಗಿಸಿ, ಅರ್ಧವನ್ನು ಅಪ್ಪನಿಗೆ ಕೊಡಬೇಕು. ಅಪ್ಪ ಅದನ್ನು ಸುಟ್ಟು, ದೇವರಾಜ್ ಅಂಕಲ್ ಮಿಷನ್ ಕೆಡಿಸಿ, ಎಲ್ಲರಿಗೂ ಬೈಯಬೇಕು. ಅಪ್ಪನಿಗೆ ಜ್ವರ ಬಂದು ಮಲಗುವವರೆಗೆ ಕಾಯಬೇಕು. ಇದು ತುಂಬಾ ಮುಖ್ಯ. ಅಪ್ಪ ಮಲಗಿದ ಮೇಲೆ ಉಳಿದರ್ಧ ಬೀಜದಲ್ಲಿ ಅಮ್ಮ ಚಾಕೊಲೇಟ್ ಮಾಡಬೇಕು."

ಅವನ ಕಿವಿ ಕೆಂಪಾಯಿತು. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಮೊದಲಿನಿಂದ ಓದಿದ. ಎಲ್ಲಾದರೂ ಒಂದು ತಪ್ಪು? ಒಂದು ಉತ್ಪ್ರೇಕ್ಷೆ? ಮೂರು ಸಲ ಓದಿದ. ಪಕ್ಕದಲ್ಲಿ ಹಿತಾ ಕಾಲು ಬದಲಿಸುತ್ತ ನಿಂತಿದ್ದಳು. ಬಾಗಿಲಲ್ಲಿ ಚೆಲುವಾಂಬ ಕೈ ಒರೆಸಿಕೊಳ್ಳುತ್ತಿದ್ದಳು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ವಿಜಯಸಾರಥಿ "ಆಕ್ಷೇಪಣೆ ಇಲ್ಲ" ಎಂದು ಬರೆದು, ಕೆಳಗೆ ಸಹಿ ಹಾಕಿ, ಪುಸ್ತಕವನ್ನು ಹೆಂಡತಿಯ ಕಡೆ ತಳ್ಳಿದ.

ಚೆಲುವಾಂಬ ಅದನ್ನು ಎತ್ತಿ ನಿಧಾನವಾಗಿ ನೋಡಿ, ಅವನ ಮುಂದಕ್ಕೇ ವಾಪಸ್ಸು ತಳ್ಳಿದಳು.

"ದಿನಾಂಕ ಹಾಕಿಲ್ಲ."